ಕತ್ತಲಲ್ಲಿ ನೆಲದ ಮೇಲಿನ ವಿಮಾನ: ಓದುಗರ ಪ್ರಶ್ನೆ, ಹಳೆ ಮೇಷ್ಟ್ರ ಉತ್ತರ

ಈ ಸಲ ಪತ್ರಗಳ ಗಂಟು ದೊಡ್ಡದಿದೆ. ಕಾರಣ ನನಗೆ ಗೊತ್ತು. ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ: ರಾತ್ರಿ ಹಾರಾಟದಲ್ಲಿ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಆಕಾಶದಲ್ಲಲ್ಲ, ನೆಲದ ಮೇಲೆ. "ಅದು ಹೆಂಗ್ರೀ?" ಅಂತ ಕೇಳಿದವರೇ ಬಹಳ. 22 ವರ್ಷ ಬೇರೆ ಬೇರೆ ರಾಜ್ಯಗಳಲ್ಲಿ ಮಕ್ಕಳಿಗೆ ಸಣ್ಣ ವಿಮಾನ ಓಡಿಸುವುದನ್ನು ಕಲಿಸಿದವನು ನಾನು. ಈಗ ಕಲಬುರಗಿಯಲ್ಲಿ ತೊಗರಿ ರೇಟಿನ ಮಾತು ಕೇಳುತ್ತಾ ಕೂತಿದ್ದೇನೆ. ಯಾರಾದರೂ ವಿಮಾನದ ಬಗ್ಗೆ ಕೇಳಿದರೆ ಬಿಡುತ್ತೇನೆಯೇ? ಇಡೀ ಅಂಕಣ ಇದಕ್ಕೇ.

ಗೊತ್ತಿಲ್ಲದವರಿಗೆ ಮೂರು ಪದ. ವಿಮಾನ ತನ್ನ ಎಂಜಿನ್ ಬಲದಲ್ಲೇ ನೆಲದ ಮೇಲೆ ಉರುಳಿಕೊಂಡು ಹೋಗುವುದಕ್ಕೆ ಟ್ಯಾಕ್ಸಿ ಮಾಡುವುದು ಅನ್ನುತ್ತಾರೆ. ರನ್‌ವೇಗೆ ಹೋಗುವ ಒಳದಾರಿ ಟ್ಯಾಕ್ಸಿವೇ. ವಿಮಾನ ನಿಲ್ಲಿಸುವ ಅಂಗಳ ಏಪ್ರನ್.

ಪ್ರಶ್ನೆ: ನಾನು ಪೈಲಟ್ ತರಬೇತಿಯಲ್ಲಿದ್ದೇನೆ. ಹಗಲು ಟ್ಯಾಕ್ಸಿ ಮಾಡಲು ಏನೂ ತೊಂದರೆ ಇಲ್ಲ. ಮೊದಲ ರಾತ್ರಿ ಪಾಠದ ದಿನ ಏಪ್ರನ್ ದಾಟಿ ಎರಡೇ ನಿಮಿಷಕ್ಕೆ ದಾರಿ ತಪ್ಪಿದೆ. ಇನ್‌ಸ್ಟ್ರಕ್ಟರ್ ಬೈದರು. ನನ್ನ ಕಣ್ಣಲ್ಲೇ ಏನಾದರೂ ದೋಷವಿದೆಯಾ? (ವಿದ್ಯಾರ್ಥಿ, ಕಲಬುರಗಿ)

ಕಣ್ಣು ಸರಿಯಾಗೇ ಇದೆ ತಮ್ಮಾ. ರಾತ್ರಿ ನಿನಗೆ ದಾರಿ ಕಾಣುವುದಿಲ್ಲ, ದಾರಿಯ ದೀಪ ಕಾಣುತ್ತವೆ. ಎರಡೂ ಬೇರೆ.

ಶರಣಬಸವೇಶ್ವರ ಜಾತ್ರೆಗೆ ಹೋಗಿರುತ್ತೀಯ ಅಲ್ವಾ? ದೊಡ್ಡ ತೊಟ್ಟಿಲು ಹತ್ತಿ ಮೇಲಿಂದ ನೋಡಿದರೆ ಅಂಗಡಿ ಸಾಲು, ಓಣಿ, ತಿರುವು ಎಲ್ಲಾ ಗೆರೆ ಎಳೆದ ಹಾಗೆ ಕಾಣುತ್ತವೆ. ಕೆಳಗಿಳಿದು ನಿಂತರೆ? ಬರೀ ಬಲ್ಬು. ಯಾವ ಬಲ್ಬು ಯಾವ ಸಾಲಿನದು ಅಂತ ಹೇಳಲಿಕ್ಕೆ ಆಗುವುದಿಲ್ಲ. ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ, ಅನುಮತಿ ಹೇಳುವವರು ತೊಟ್ಟಿಲ ಮೇಲಿದ್ದಾರೆ. ಸೆಸ್ನಾ ಅನ್ನುವ ಸಣ್ಣ ತರಬೇತಿ ವಿಮಾನದಲ್ಲಿ ಕೂತ ನೀನು ಬಳೆ ಅಂಗಡಿ ಮುಂದೆ ನಿಂತಿದ್ದೀಯ. ಟ್ಯಾಕ್ಸಿವೇಯ ಎರಡೂ ಅಂಚಿಗೆ ನೀಲಿ ದೀಪ ಇರುತ್ತವೆ. ನೇರ ದಾರಿಯಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಸರಿ. ಎರಡು ಟ್ಯಾಕ್ಸಿವೇ ಕೂಡುವ ಕಡೆ ಹತ್ತಿರದ ನೀಲಿ, ದೂರದ ನೀಲಿ ಎಲ್ಲಾ ಒಂದೇ ಮಟ್ಟಕ್ಕೆ ಬಂದು ಕಲಸಿಹೋಗುತ್ತವೆ. ಎರಡು ದೀಪಗಳ ನಡುವೆ ದಾರಿ ಇದೆ ಅಂದುಕೊಂಡು ಹೋದರೆ ಅಲ್ಲಿ ಹುಲ್ಲು. ನಮ್ಮ ಕಡೆ ಮಳೆಗಾಲವಾದರೆ ಎರಿ ಮಣ್ಣು. ಅದರಲ್ಲಿ ಮುಂದಿನ ಚಕ್ರ ಹೂತರೆ ಏನಾಗುತ್ತದೆ ಅಂತ ನಿಮ್ಮೂರ ಟ್ರ್ಯಾಕ್ಟರ್‌ನವರನ್ನೇ ಕೇಳು.

ಅದಕ್ಕೇ ರಾತ್ರಿ ದೀಪ ನಂಬಿ ತಿರುಗಬೇಡ, ನೆಲದ ಹಳದಿ ನಡುಗೆರೆ ನಂಬು. ತೊಂದರೆ ಏನಂದರೆ, ಟ್ಯಾಕ್ಸಿ ಲೈಟ್ ಮೂಗಿನ ದಿಕ್ಕಿಗೆ ಬೆಳಕು ಬಿಡುತ್ತದೆ, ನೀನು ತಿರುಗಬೇಕಾದ ದಿಕ್ಕಿಗಲ್ಲ. ತಿರುವಿನಲ್ಲಿ ಗೆರೆ ಬೆಳಕಿನಿಂದ ಜಾರಿಹೋಗುತ್ತದೆ. ಆಮೆ ಹಾಗೆ ತಿರುಗು, ಗೆರೆ ಮತ್ತೆ ಬೆಳಕಿಗೆ ಬರುತ್ತದೆ. ಇನ್ನೊಂದು: ಸೆಸ್ನಾ 172ರ ರೆಕ್ಕೆ ಈ ತುದಿಯಿಂದ ಆ ತುದಿಗೆ 11 ಮೀಟರ್. ಮುಂದಿನ ಬೆಳಕಿನಲ್ಲಿ ದಾರಿ ಖಾಲಿ ಕಂಡರೂ ರೆಕ್ಕೆಯ ತುದಿ ಕತ್ತಲಲ್ಲೇ ಹೋಗುತ್ತಿರುತ್ತದೆ. ಅಲ್ಲಿ ನಿಂತಿರುವ ಏಣಿಯೋ, ಇನ್ನೊಂದು ವಿಮಾನದ ಬಾಲವೋ ನಿನಗೆ ಕಾಣುವುದು ತಾಗಿದ ಮೇಲೆ.

ವೇಗದ ವಿಷಯದಲ್ಲಂತೂ ರಾತ್ರಿ ಕಣ್ಣು ಪಕ್ಕಾ ಮೋಸ ಮಾಡುತ್ತದೆ. ಹಗಲು ಪಕ್ಕದ ಹುಲ್ಲು, ಡಾಂಬರಿನ ಬಿರುಕು ಸರ್ರನೆ ಹಿಂದೆ ಹೋಗುವುದು ನೋಡಿ ವೇಗ ಗೊತ್ತಾಗುತ್ತದೆ. ರಾತ್ರಿ ಅವಿಲ್ಲ. ಹಾಗಾಗಿ ನಿಧಾನ ಹೋಗುತ್ತಿದ್ದೇನೆ ಅಂತ ಅನಿಸುತ್ತಲೇ ಓಡಿಸುತ್ತೀಯ. ನಾನು ಹುಡುಗರಿಗೆ ಹೇಳಿಕೊಡುತ್ತಿದ್ದ ಲೆಕ್ಕ ಇದು. ನೇರ ಟ್ಯಾಕ್ಸಿವೇಯಲ್ಲಿ ನೀಲಿ ದೀಪಗಳ ನಡುವೆ ಹೆಚ್ಚೆಂದರೆ 60 ಮೀಟರ್ ಅಂತರ. ಅಂತರ 60 ಇದ್ದಾಗ ಒಂದು ದೀಪದಿಂದ ಇನ್ನೊಂದಕ್ಕೆ 12 ಸೆಕೆಂಡ್ ಹಿಡಿದರೆ ನೀನು ಗಂಟೆಗೆ 18 ಕಿಲೋಮೀಟರ್‌ನಲ್ಲಿದ್ದೀಯ. ರಾತ್ರಿಗೆ ಅದೇ ಜಾಸ್ತಿ. ಆರೇ ಸೆಕೆಂಡಿಗೆ ಮುಂದಿನ ದೀಪ ಬಂತು ಅಂದರೆ 36. ಆಗ ನೀನು ಟ್ಯಾಕ್ಸಿ ಮಾಡುತ್ತಿಲ್ಲ, ಬಸ್ ಹಿಡಿಯಲು ಓಡುತ್ತಿದ್ದೀಯ.

ದಾರಿ ತಪ್ಪಿದೆ ಅನಿಸಿದ ಕೂಡಲೇ ನಿಲ್ಲು. ಅಲ್ಲೇ. ರೇಡಿಯೋದಲ್ಲಿ "ನಾನು ಎಲ್ಲಿದ್ದೇನೆ ಖಚಿತವಿಲ್ಲ, ದಾರಿ ಹೇಳಿ" ಅಂತ ಕೇಳು. ನಾಚಿಕೆ ಬೇಡ. ಆ ಫ್ರೀಕ್ವೆನ್ಸಿಯಲ್ಲಿ ಹತ್ತು ಜನ ಕೇಳಿಸಿಕೊಳ್ಳುತ್ತಾರೆ, ಸಂಜೆ ಕ್ಯಾಂಟೀನ್‌ನಲ್ಲಿ ನಗುತ್ತಾರೆ, ನಗಲಿ. ಒಂದೇ ಒಂದು ಜಾಗದಲ್ಲಿ ಮಾತ್ರ ನಿಂತು ಯೋಚಿಸಬಾರದು, ಅದು ರನ್‌ವೇ. ಅಂಚಿನ ದೀಪ ನೀಲಿ ಇದ್ದರೆ ಟ್ಯಾಕ್ಸಿವೇ, ಬಿಳಿ ಕಂಡರೆ ರನ್‌ವೇ. ನಿನ್ನ ಎರಡೂ ಪಕ್ಕ ಬಿಳಿ ದೀಪ ಬಂದಿವೆ, ಅಲ್ಲಿಗೆ ನಿನ್ನನ್ನು ಯಾರೂ ಕರೆದಿಲ್ಲ ಅಂದರೆ ತಕ್ಷಣ ಟವರ್‌ಗೆ ಹೇಳು, ಹೊರಗೆ ಬಾ. ವಿಚಾರ ಆಮೇಲೆ ಮಾಡಿದರಾಯಿತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕಲಿಯುವಾಗಿನ ಮಾತು. ಬೇರೆ ರಾಜ್ಯದ ಒಂದು ಸಣ್ಣ ವಿಮಾನ ನಿಲ್ದಾಣ, ಹೆಸರು ಬೇಡ. ಸೆಸ್ನಾ 152, ಒಳಗೆ ನಾನೊಬ್ಬನೇ. ಹೋಲ್ಡಿಂಗ್ ಪಾಯಿಂಟ್‌ಗೆ ಬಂದು ನಿಂತೆ. ರನ್‌ವೇ ಒಳಗೆ ಹೋಗುವ ಮುಂಚೆ ನಿಂತು ಕಾಯುವ ಜಾಗ ಅದು. ಅಲ್ಲಿ ಅಡ್ಡಕ್ಕೆ ನಾಲ್ಕು ಹಳದಿ ಗೆರೆ ಇರುತ್ತವೆ. ನಮ್ಮ ಕಡೆ ಎರಡು ಪೂರ್ತಿ ಗೆರೆ, ರನ್‌ವೇ ಕಡೆ ಎರಡು ತುಂಡು ತುಂಡು ಗೆರೆ. ಪೂರ್ತಿ ಗೆರೆ ನಿನ್ನ ಕಡೆಗಿದ್ದರೆ ಬಾಗಿಲು ಹಾಕಿದೆ ಅಂತ ಅರ್ಥ, ಟವರ್ ಹೇಳದೆ ದಾಟುವಂತಿಲ್ಲ. ಪಾರ್ಕಿಂಗ್ ಬ್ರೇಕ್ ಎಳೆದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ತಲೆ ಬಗ್ಗಿಸಿ, ಚೆಕ್‌ಲಿಸ್ಟ್ ಓದುತ್ತಾ ಎಂಜಿನ್ 1,700 ಆರ್‌ಪಿಎಂಗೆ ಏರಿಸಿದೆ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ ಎಡ, ಬಲ, ಎರಡೂ ಸರಿ. ಆಯಿಲ್ ಸರಿ. ಎಲ್ಲಾ ಸರಿ.

ಬ್ರೇಕ್ ಮಾತ್ರ ಪೂರ್ತಿ ಹಿಡಿದಿರಲಿಲ್ಲ.

ತಲೆ ಎತ್ತಿದಾಗ ಬೆಳಕಿನಲ್ಲಿ ಹಳದಿ ಗೆರೆ ಇಲ್ಲ. ಯಾರೋ ಅಳಿಸಿಬಿಟ್ಟಿದ್ದಾರೆ ಅಂತಲೇ ಮೊದಲು ಅನಿಸಿತು, ದೇವರಾಣೆ. ಎಡಕ್ಕೆ ನೋಡಿದೆ. ಆಕಾಶದಲ್ಲಿ ಕೆಳಗೆ ಒಂದು ನಕ್ಷತ್ರ. ಅತ್ತಿತ್ತ ಅಲುಗಾಡುತ್ತಿಲ್ಲ. ನೋಡುತ್ತಾ ನೋಡುತ್ತಾ ದಪ್ಪ ಆಯಿತು. ನಮ್ಮ ಕಡೆಗೇ ಬರುವ ವಿಮಾನದ ಲ್ಯಾಂಡಿಂಗ್ ಲೈಟ್ ಹಾಗೇ ಇರುತ್ತದೆ, ಅಲುಗಾಡುವುದಿಲ್ಲ, ಬರೀ ದೊಡ್ಡದಾಗುತ್ತದೆ. ಟಾರ್ಚ್ ಬಾಯಿಂದ ಉಗುಳಿ ಮೈಕ್ ಒತ್ತಿದೆ: ಹೋಲ್ಡಿಂಗ್ ಪಾಯಿಂಟ್ ದಾಟಿದ್ದೇನೆ. ಟವರ್‌ನವರು ನನಗೆ ಒಂದು ಮಾತೂ ಹೇಳದೆ ಮೊದಲು ಬರುತ್ತಿದ್ದ ವಿಮಾನಕ್ಕೆ ಇಳಿಯಬೇಡ, ಮೇಲೆ ಹೋಗು ಅಂದರು. ಅದು ನನ್ನ ಎಡದಿಂದ ಬಲಕ್ಕೆ ತಲೆ ಮೇಲಿನ ಹಾಗೆ ಹೋದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ನನ್ನ ಇನ್‌ಸ್ಟ್ರಕ್ಟರ್ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಅನುಮತಿ ತಗೊಂಡು ಅಲ್ಲಿಗೆ ನಡೆಸಿಕೊಂಡು ಹೋದರು. ಗೆರೆಯಿಂದ ನನ್ನ ಚಕ್ರ ನಿಂತ ಜಾಗಕ್ಕೆ ಹೆಜ್ಜೆ ಎಣಿಸು ಅಂದರು. ಏಳು.

ಏಳು ಹೆಜ್ಜೆ ಸರಿದದ್ದು ಗೊತ್ತಾಗಲಿಲ್ಲ, ಯಾಕೆಂದರೆ ಕಣ್ಣಂಚಿಗೆ ಸರಿಯುವಂಥದ್ದು ಹೊರಗೆ ಏನೂ ಇರಲಿಲ್ಲ. ಅಂದಿನಿಂದ ರಾತ್ರಿ ನಿಂತಾಗ ಬ್ರೇಕ್ ಎಳೆದರೂ ಕಾಲು ಪೆಡಲ್ ಮೇಲೇ. ಚೆಕ್‌ಲಿಸ್ಟಿನ ಒಂದು ಸಾಲು ಓದಿ ತಲೆ ಎತ್ತು, ಇನ್ನೊಂದು ಸಾಲು ಓದಿ ತಲೆ ಎತ್ತು. ಉರುಳುತ್ತಿರುವಾಗ ಓದಲೇಬೇಡ.

ಕಣ್ಣಿನ ಬಗ್ಗೆ ಕೇಳಿದೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು 30 ನಿಮಿಷದಷ್ಟು ಬೇಕು. ಕೆಡಲು ಒಂದು ಕ್ಷಣ ಸಾಕು. ಹೊರಡುವ ಮುಂಚೆ ಟ್ಯೂಬ್‌ಲೈಟ್ ಕೆಳಗೆ ಚಹಾ ಕುಡಿಯುತ್ತಾ ಮೊಬೈಲ್ ನೋಡಿದೆಯಾ? ಆ ಅರ್ಧ ಗಂಟೆ ಹೋಯಿತು. ಹಾಗೇ, ಎದುರು ಯಾರಾದರೂ ಬರುತ್ತಿದ್ದರೆ ನಿನ್ನ ಟ್ಯಾಕ್ಸಿ ಲೈಟ್ ಅವರ ಕಣ್ಣಿಗೆ ಹೊಡೆಯದಂತೆ ನೋಡಿಕೋ. ಏಪ್ರನ್‌ನಲ್ಲಿ ಸ್ಟ್ರೋಬ್, ಅಂದರೆ ರೆಕ್ಕೆ ತುದಿಯ ಮಿಂಚುದೀಪ, ಹಾಕಿ ಮಿಂಚಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೈ ಬೀಮ್ ಹಾಕಿಕೊಂಡು ಸೇಡಂ ರಸ್ತೆಯಲ್ಲಿ ಬರುವ ಬುಲೆರೋಗಳ ಜಾತಿಯವರು ಅವರು.

ಪ್ರಶ್ನೆ: ಸಣ್ಣ ವಿಮಾನ ರನ್‌ವೇ ಮೇಲೇ ನಿಂತಿದ್ದರೂ ಇಳಿಯುವ ದೊಡ್ಡ ವಿಮಾನದ ಪೈಲಟ್‌ಗೆ ಕಾಣುವುದಿಲ್ಲ ಅಂದರೆ ನಂಬಲು ಕಷ್ಟ. ಅಷ್ಟೊಂದು ದೀಪ ಇರುತ್ತವಲ್ಲ? (ಉಪನ್ಯಾಸಕರು, ಯಾದಗಿರಿ)

ಸರ್, ದೀಪ ಇರುವುದೇ ತೊಂದರೆ.

ಕಬ್ಬಿನ ಹಂಗಾಮಿನಲ್ಲಿ ಅಫಜಲಪುರ ರಸ್ತೆಯಲ್ಲಿ ರಾತ್ರಿ ಬಂದಿದ್ದೀರಾ? ಬಯಲಲ್ಲಿ ಕಬ್ಬಿನ ಟ್ರಾಲಿಯ ಹಿಂದೆ ಒಂದೇ ಒಂದು ಸಣ್ಣ ಕೆಂಪು ದೀಪ ಇದ್ದರೂ ದೂರದಿಂದ ಕಾಣುತ್ತದೆ. ಅದೇ ಟ್ರಾಲಿ ಊರೊಳಗೆ, ಅಂಗಡಿ ದೀಪಗಳ ನಡುವೆ ನಿಂತಿರಲಿ. ಹತ್ತಿರ ಬರುವ ತನಕ ಅದು ಅಂಗಡಿ ದೀಪವೇ. ರನ್‌ವೇ ಅಂದರೆ ದೀಪಗಳ ಊರು. ಸಣ್ಣ ವಿಮಾನದ ಹಿಂದೆ ಇರುವುದು ಒಂದು ಬಿಳಿ ದೀಪ, ಮೇಲೊಂದು ಬೀಕನ್, ಅಂದರೆ ಮಿಣುಕುವ ಕೆಂಪು ದೀಪ. ಇಳಿಯುವವನಿಗೆ ಕಾಣುವುದು ಈ ಹಿಂಭಾಗವೇ.

1991ರ ಫೆಬ್ರವರಿ 1ರ ಸಂಜೆ ಲಾಸ್ ಏಂಜಲೀಸ್‌ನಲ್ಲಿ ಆದದ್ದು ಇದೇ. ಮೆಟ್ರೋಲೈನರ್ ಅನ್ನುವ ಒಂದು ಸಣ್ಣ ಪ್ರಯಾಣಿಕರ ವಿಮಾನ ರನ್‌ವೇಯ ತುದಿಯಿಂದಲ್ಲ, ಅಡ್ಡ ಕೂಡುದಾರಿಯಿಂದ ಒಳಗೆ ಬಂದು, ಹೇಳಿದ ಹಾಗೆ ನಿಂತು ಕಾಯುತ್ತಿತ್ತು. ಅದು ಅಲ್ಲಿದೆ ಅನ್ನುವುದು ಟವರ್‌ನವರಿಗೆ ಮರೆತುಹೋಯಿತು, ಅದೇ ರನ್‌ವೇಗೆ ಬೋಯಿಂಗ್ 737ಕ್ಕೆ ಇಳಿಯಲು ಅನುಮತಿ ಹೋಯಿತು. ಹಿಂದಿನಿಂದ ಬಂದವರಿಗೆ ಆ ಸಣ್ಣ ವಿಮಾನದ ದೀಪ ರನ್‌ವೇ ದೀಪಗಳಲ್ಲಿ ಕರಗಿಹೋಗಿತ್ತು. ಸಣ್ಣ ವಿಮಾನದಲ್ಲಿದ್ದ 12 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಹಳೆಯ ಕಾಲ ಅಂತೀರಾ? 2024ರ ಜನವರಿ 2, ಟೋಕಿಯೋದ ಹನೆಡಾ. ಹಿಂದಿನ ದಿನ ನೋಟೋದಲ್ಲಿ ಭೂಕಂಪವಾಗಿತ್ತು. ಅಲ್ಲಿಗೆ ಪರಿಹಾರ ಸಾಮಗ್ರಿ ಒಯ್ಯಲು ಕರಾವಳಿ ಕಾವಲು ಪಡೆಯ ಡ್ಯಾಶ್ 8 ವಿಮಾನ ಹೊರಟಿತ್ತು. ಹೋಲ್ಡಿಂಗ್ ಪಾಯಿಂಟ್ ತನಕ ಬಾ, ನೀನು ನಂಬರ್ ಒನ್ ಅಂದಿತು ಟವರ್. ಅಂದರೆ ಸರದಿಯಲ್ಲಿ ಮೊದಲನೆಯವನು, ಅಷ್ಟೇ. ವಿಮಾನ ರನ್‌ವೇ ಒಳಗೇ ಹೋಯಿತು. ಸುಮಾರು 40 ಸೆಕೆಂಡ್ ಅಲ್ಲಿ ನಿಂತಿತ್ತು. ಅಲ್ಲಿ ನೆಲದಲ್ಲಿ ಅಡ್ಡಕ್ಕೆ ಹುಗಿದಿರುವ, ನಿಲ್ಲು ಅಂತ ಹೇಳುವ ಕೆಂಪು ದೀಪದ ಸಾಲೂ ಆ ದಿನ ಕೆಲಸ ಮಾಡುತ್ತಿರಲಿಲ್ಲ. ಸಪ್ಪೊರೊದಿಂದ ಬಂದ ಏರ್‌ಬಸ್ ಎ350 ಅದರ ಮೇಲೇ ಇಳಿಯಿತು. ಏರ್‌ಬಸ್‌ನಲ್ಲಿದ್ದ 379 ಮಂದಿಯೂ ಹೊರಗೆ ಬಂದರು. ಸಣ್ಣ ವಿಮಾನದ ಆರು ಜನರಲ್ಲಿ ಐವರು ಸತ್ತರು, ಕ್ಯಾಪ್ಟನ್ ಒಬ್ಬರು ಬದುಕಿದರು.

ನನಗೆ ಆ ನಂಬರ್ ಒನ್ ಅನ್ನುವ ಮಾತು ಕಾಡುತ್ತದೆ. ಅವಸರದಲ್ಲಿರುವವನ ಕಿವಿಗೆ ಅದು "ಹೋಗು" ಅಂತ ಕೇಳಿಸಬಹುದು. ಅದಕ್ಕೇ ಟವರ್ ಹೇಳಿದ್ದನ್ನು ಪೈಲಟ್ ವಾಪಸ್ ಓದಿ ಹೇಳಬೇಕು ಅನ್ನುವ ನಿಯಮ ಇದೆ. ಹನೆಡಾದಲ್ಲಿ ವಾಪಸ್ ಓದಿ ಹೇಳಿಯೂ ಇದ್ದರು, ಸರಿಯಾಗಿಯೇ. ಬಾಯಿ ಹೇಳಿತು, ಕಾಲು ಬೇರೆ ಮಾಡಿತು. ಹಾಗಾಗಿ ನನ್ನ ಹುಡುಗರಿಗೆ ಇನ್ನೂ ಒಂದು ಕೆಲಸ ಹಚ್ಚುತ್ತಿದ್ದೆ. ಹಳದಿ ಗೆರೆ ದಾಟುವ ಮುಂಚೆ ಜೋರಾಗಿ ಹೇಳಬೇಕು: "ಒಳಗೆ ಹೋಗಲು ಯಾರು ಹೇಳಿದರು, ಏನು ಹೇಳಿದರು?" ಉತ್ತರ ತಡವರಿಸಿದರೆ ಬ್ರೇಕ್. ದಾಟುವಾಗ ಸ್ಟ್ರೋಬ್, ಲ್ಯಾಂಡಿಂಗ್ ಲೈಟ್ ಎಲ್ಲಾ ಹಾಕಿಬಿಡಬೇಕು. ಅಲ್ಲಿ ಎಷ್ಟು ಮಿಂಚಿದರೂ ನಾನು ಬೈಯುವುದಿಲ್ಲ. ಒಳಗೆ ನಿಂತ ಮೇಲೆ ಹಾರಲು ಅನುಮತಿ ಬರುವುದು ತಡ ಆಗುತ್ತಿದೆ ಅನಿಸಿದರೆ ಕೇಳಬೇಕು, "ನಾನಿನ್ನೂ ರನ್‌ವೇ ಮೇಲಿದ್ದೇನೆ" ಅಂತ ನೆನಪಿಸಬೇಕು. ಟವರ್‌ನವರೂ ಮನುಷ್ಯರೇ, ಮರೆಯುತ್ತಾರೆ.

ಪ್ರಶ್ನೆ: ಮಗ ಪೈಲಟ್ ಕಲಿಯಲು ಹೋಗಿದ್ದಾನೆ. ಮುಂದಿನ ತಿಂಗಳು ರಾತ್ರಿ ಹಾರಾಟವಂತೆ. ನನಗೆ ನಿದ್ದೆ ಇಲ್ಲ. ರಾತ್ರಿ ಯಾಕೆ ಹಾರಿಸಬೇಕ್ರೀ ಸಣ್ಣ ಹುಡುಗರನ್ನ? (ತಾಯಿ, ಸೇಡಂ)

ಅಕ್ಕಾ, ಹಾರಿಸಲೇಬೇಕು. ನಮ್ಮ ದೇಶದಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ಕನಿಷ್ಠ 5 ಗಂಟೆ ರಾತ್ರಿಯದು, ತಾನೇ ಕ್ಯಾಪ್ಟನ್ ಆಗಿ 10 ಸಲ ಏರಿ 10 ಸಲ ಇಳಿಯಬೇಕು. ಮೊದಲು ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಕೂತಿರುತ್ತಾರೆ.

ಆಕಾಶದ ಚಿಂತೆ ಅವರಿಗೆ ಬಿಡಿ. ನೀವು ಮಗನಿಗೆ ಒಂದೇ ಮಾತು ಹೇಳಿ: ಎಂಜಿನ್ ತಿರುಗುತ್ತಿರುವಾಗ ಇಳಿಯಬೇಡ, ಯಾರನ್ನೂ ಹತ್ತಿರ ಕರೆಯಬೇಡ. ಮನೆಯ ಪಂಖಾ ಜೋರಾಗಿ ತಿರುಗುವಾಗ ರೆಕ್ಕೆ ಕಾಣುತ್ತದೆಯೇ? ಪ್ರೊಪೆಲ್ಲರ್ ಹಗಲಲ್ಲೇ ಮಂಜಿನ ಹಾಗೆ ಕಾಣುತ್ತದೆ. ರಾತ್ರಿ ಇಲ್ಲವೇ ಇಲ್ಲ. ಸದ್ದು ಇರುತ್ತದೆ, ಆದರೆ ಏಪ್ರನ್‌ನಲ್ಲಿ ನಾಲ್ಕು ವಿಮಾನ ಗುರುಗುಟ್ಟುವಾಗ ಯಾವುದರದು ಅಂತ ಹೇಗೆ ತಿಳಿಯುವುದು? ಅದಕ್ಕೇ ಎಂಜಿನ್ ಶುರು ಮಾಡುವ ಮೊದಲೇ ಕೆಂಪು ಬೀಕನ್ ಹಾಕುತ್ತಾರೆ. ಕೆಂಪು ಮಿಣುಕುತ್ತಿದ್ದರೆ ಆ ವಿಮಾನದ ಮುಂದೆ ಹೋಗಬಾರದು. ನಿಂತಿರುವ ವಿಮಾನವಾದರೂ ಸರಿ, ಮೂಗಿನ ಕಡೆಯಿಂದ ಅಡ್ಡ ಹಾಯುವ ಚಟ ಬೇಡ, ರೆಕ್ಕೆಯ ಹಿಂದಿನಿಂದ ಸುತ್ತಿ ಹೋಗಲಿ.

ಇನ್ನೊಂದು ಕೇಳಿಕೊಳ್ಳುತ್ತೇನೆ, ಬೇಜಾರಾಗಬೇಡಿ. ಅವನು ಹೊರಡುವ ಅರ್ಧ ಗಂಟೆ ಮುಂಚೆ ವಿಡಿಯೋ ಕಾಲ್ ಮಾಡಬೇಡಿ. ಮೇಲೆ ಆ ಹುಡುಗನಿಗೆ ಹೇಳಿದೆನಲ್ಲ, ಕಣ್ಣಿನ ವಿಷಯ. ಇಳಿದ ಮೇಲೆ ಅವನೇ ಮಾಡುತ್ತಾನೆ. ಊಟ ಆಯ್ತಾ ಅಂತ ಆಗ ಕೇಳಿ.

ಪ್ರಶ್ನೆ: ಕಲಬುರಗಿ ರನ್‌ವೇ ಮೇಲೆ ಒಂದು ತುದಿಗೆ 09, ಇನ್ನೊಂದಕ್ಕೆ 27 ಅಂತ ಬರೆದಿದೆ. ಇದೇನು ಮೈಲಿಗಲ್ಲೇ? (ವ್ಯಾಪಾರಿ, ಕಲಬುರಗಿ)

ದಿಕ್ಕು. ದಿಕ್ಸೂಚಿಯ 90 ಡಿಗ್ರಿ ಅಂದರೆ ಪೂರ್ವ, ಕೊನೆಯ ಸೊನ್ನೆ ತೆಗೆದರೆ 09. ಪಶ್ಚಿಮ 270, ಅದು 27. ಶ್ರೀನಿವಾಸ ಸರಡಗಿಯ ಹತ್ತಿರದ ನಮ್ಮ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು, ರನ್‌ವೇ ಉದ್ದ 3,175 ಮೀಟರ್. ಒಂದೇ ರನ್‌ವೇ, ತಪ್ಪುವ ಸಂದರ್ಭ ಕಡಿಮೆ.

ಎರಡಿರುವ ಕಡೆ ಕಥೆ ಬೇರೆ. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ 2006ರ ಆಗಸ್ಟ್ 27ರಂದು, ಬೆಳಕು ಹರಿಯುವ ಮುಂಚೆ, ಒಂದು ಜೆಟ್‌ಗೆ ರನ್‌ವೇ 22 ಕೊಟ್ಟಿದ್ದರು. ಅದು ಹೋಗಿ ನಿಂತಿದ್ದು 26ರಲ್ಲಿ. ಉದ್ದ ಅರ್ಧ, ದೀಪವೂ ಇಲ್ಲ. ಓಡುವಾಗ ದೀಪ ಇಲ್ಲವಲ್ಲ, ವಿಚಿತ್ರ ಅಂತ ಒಳಗೆ ಮಾತೂ ಆಯಿತು, ಆದರೂ ನಿಲ್ಲಿಸಲಿಲ್ಲ. 50 ಜನರಲ್ಲಿ ಉಳಿದದ್ದು ಸಹ ಪೈಲಟ್ ಒಬ್ಬರೇ. ಕಣ್ಣೆದುರಿನ ದಿಕ್ಸೂಚಿಯಲ್ಲಿ 220ರ ಆಸುಪಾಸು ಇರಬೇಕಿತ್ತು, 260ರ ಆಸುಪಾಸು ಇತ್ತು. ರನ್‌ವೇಯಲ್ಲಿ ನೇರ ನಿಂತ ಮೇಲೆ ಆ ಮುಳ್ಳಿನ ಮೇಲೆ ಬೆರಳಿಟ್ಟು ಅಂಕಿ ಓದು ಅಂತ ನಾನು ಹುಡುಗರಿಗೆ ಗಂಟು ಬೀಳುತ್ತಿದ್ದೆ. ಬರೀ ಕಣ್ಣಲ್ಲಿ ನೋಡಿದರೆ ಮನಸ್ಸು ತನಗೆ ಬೇಕಾದ್ದನ್ನೇ ಓದಿಕೊಳ್ಳುತ್ತದೆ.

ಪ್ರಶ್ನೆ: ವಿಮಾನದ ಒಂದು ರೆಕ್ಕೆಗೆ ಕೆಂಪು, ಇನ್ನೊಂದಕ್ಕೆ ಹಸಿರು ಯಾಕೆ ಸರ್? (9ನೇ ತರಗತಿ, ಬೀದರ್)

ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ. ಹಡಗಿನಿಂದ ಬಂದ ಪದ್ಧತಿ. ಕತ್ತಲಲ್ಲಿ ವಿಮಾನದ ಮೈ ಕಾಣದಿದ್ದರೂ ಬಣ್ಣ ನೋಡಿ ಯಾವ ಕಡೆ ಮುಖ ಮಾಡಿದೆ ಅಂತ ತಿಳಿಯುತ್ತದೆ. ನಿನ್ನ ಬಲಕ್ಕೆ ಕೆಂಪು, ಎಡಕ್ಕೆ ಹಸಿರು, ಎರಡೂ ಒಟ್ಟಿಗೆ ಕಂಡರೆ ಅದು ನಿನ್ನ ಕಡೆಗೇ ಮುಖ ಮಾಡಿದೆ. ಇವತ್ತು ರಾತ್ರಿ ಮಾಳಿಗೆ ಮೇಲೆ ಹೋಗಿ ನೋಡು.

ಪ್ರಶ್ನೆ: ನಮ್ಮ ಹೊಲ ವಿಮಾನ ನಿಲ್ದಾಣದ ಹತ್ತಿರ ಇದೆ. ಹಂದಿ ಓಡಿಸಲು ಹುಡುಗರು ಲೇಸರ್ ಟಾರ್ಚ್ ತಂದಿದ್ದಾರೆ. ತೊಂದರೆ ಇದೆಯಾ? (ರೈತರು, ಕಲಬುರಗಿ ತಾಲ್ಲೂಕು)

ಇದೆ ಗೌಡ್ರೇ. ಕೈಯಲ್ಲಿ ಸಾಸಿವೆಯಷ್ಟಿರುವ ಆ ಬೆಳಕು ದೂರ ಹೋದಂತೆ ಹರಡಿಕೊಂಡು ಇಡೀ ಕಾಕ್‌ಪಿಟ್ ಗಾಜಿನ ತುಂಬ ಹಸಿರು ಬಳಿಯುತ್ತದೆ. ಪೈಲಟ್‌ಗೆ ಆಮೇಲೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಹಂದಿಗೆ ತಗಡಿನ ಡಬ್ಬಿ ಬಡಿಯಿರಿ. ಹಾಗೇ ಹೊಲದಲ್ಲಿ ಉಳಿದ ಊಟ, ಸತ್ತ ಕೋಳಿ ಬಯಲಲ್ಲಿ ಎಸೆಯಬೇಡಿ. ಅದಕ್ಕೆ ನಾಯಿ, ನರಿ ಬರುತ್ತವೆ, ಬೇಲಿಯಲ್ಲಿ ಕಿಂಡಿ ಸಿಕ್ಕರೆ ಒಳಗೂ ನುಗ್ಗುತ್ತವೆ. ಟ್ಯಾಕ್ಸಿ ಲೈಟಿಗೆ ಎರಡು ಕಣ್ಣು ಹೊಳೆದಾಗ ಎದೆ ಧಸಕ್ ಅನ್ನುವುದು ನನಗೆ ಗೊತ್ತು.

ಪ್ರಶ್ನೆ: ತಂಗಿಯ ಮಗಳು ಪೈಲಟ್ ಆಗುತ್ತಿದ್ದಾಳೆ. ರಾತ್ರಿ ಹಾರಾಟ ಶುರು. ಉಡುಗೊರೆ ಏನು ಕೊಡಲಿ? ವಾಚ್ ಅಂದುಕೊಂಡಿದ್ದೇನೆ. (ಸೋದರಮಾವ, ಹುಮನಾಬಾದ್)

ವಾಚ್ ಬೇಡ್ರೀ, ಟಾರ್ಚ್ ಕೊಡಿ. ಎರಡು. ಒಂದು ಬಿಳಿ, ಹೊರಗೆ ವಿಮಾನ ತಪಾಸಣೆ ಮಾಡಲು. ಇನ್ನೊಂದು ಮಂದ ಕೆಂಪು, ಒಳಗೆ ಓದಲು, ಕಣ್ಣು ಕೆಡುವುದಿಲ್ಲ. ಕೆಂಪು ಬೆಳಕಿನಲ್ಲಿ ನಕ್ಷೆಯ ಕೆಂಪು ಗೆರೆ ಮಾಯವಾಗುತ್ತವೆ ಅಂತ ಮಾತ್ರ ಹೇಳಿಡಿ. ಜೊತೆಗೆ ಹೊಸ ಸೆಲ್ ಒಂದು ಪಾಕೀಟು. ಮತ್ತೆ ಕೆಂಪು ಟಾರ್ಚಿಗೆ ಕೊರಳಿಗೆ ಹಾಕಿಕೊಳ್ಳುವ ಹಾಗೆ ಒಂದು ದಾರ ಕಟ್ಟಿಕೊಡಿ. ನಾನು ಅವತ್ತು ಬಾಯಿಂದ ಉಗುಳಿದ ಟಾರ್ಚ್ ಸೀಟಿನ ಕೆಳಗೆ ರಡ್ಡರ್ ಪೆಡಲ್ ಹತ್ತಿರ ಹೋಗಿ ಬಿದ್ದಿತ್ತು. ಅದನ್ನು ಹುಡುಕಿ ತೆಗೆದವರು ಮರುದಿನ ವಿಮಾನ ತೊಳೆಯಲು ಬಂದ ಹುಡುಗರು.